ಉಗಿಕುದುರೆ, ಬಾವಲಿ ವಿಮಾನ: ಹಳೆಯ ವ್ಯಂಗ್ಯಚಿತ್ರಗಳನ್ನು ಓದುವ ಬಗೆ

1829ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ಬಣ್ಣದ ಚಿತ್ರ ಆಗಾಗ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿರುತ್ತದೆ. ಆಕಾಶದಲ್ಲಿ ಬಾವಲಿಯಂಥ ರೆಕ್ಕೆಯ ವಾಹನ, ನೆಲದ ಮೇಲೆ ಉಗಿಯಿಂದ ಓಡುವ ಕುದುರೆ, ಬಂಗಾಳಕ್ಕೆ ನೇರವಾಗಿ ಹೋಗುವ ದೊಡ್ಡ ಕೊಳವೆ, ಕೇಪ್ ಟೌನಿನಿಂದ ಬಂಗಾಳದವರೆಗೆ ಒಂದು ಸೇತುವೆ. ಚಿತ್ರದ ಜೊತೆಗೆ ಯಾರೋ ಸೇರಿಸಿದ ಒಂದು ಸಾಲು: 'ಇನ್ನೂರು ವರ್ಷದ ಹಿಂದೆಯೇ ವಿಮಾನ ಬರುತ್ತದೆಂದು ಹೇಳಿದ್ದರು ನೋಡಿ!'

ಆ ಸಾಲು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಚಿತ್ರ ಬರೆದ ವಿಲಿಯಂ ಹೀತ್ ಭವಿಷ್ಯ ಹೇಳಲು ಕೂತಿರಲಿಲ್ಲ. ಆ ವರ್ಷದ ಲಂಡನ್ನಿನಲ್ಲಿ ದಿನಬೆಳಗಾದರೆ ಹುಟ್ಟುತ್ತಿದ್ದ ಕಂಪನಿಗಳು, ಪೇಟೆಂಟುಗಳು, ಷೇರುಗಳು, 'ಲೋಕ ಸುಧಾರಿಸುತ್ತಿದೆ' ಎಂಬ ಮಾತು, ಇವೆಲ್ಲದರ ಜೊತೆ ಜಗಳಕ್ಕೆ ನಿಂತಿದ್ದ. ಆ ಜಗಳ ಕೇಳಿಸಿದರೆ ಮಾತ್ರ ಚಿತ್ರ ಕಂಡ ಹಾಗೆ. ಅದನ್ನು ಕೇಳಿಸಿಕೊಳ್ಳಲು ನಾನು ಅನುಸರಿಸುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೀತನ ಈ ಚಿತ್ರವನ್ನು ಎದುರಿಗಿಟ್ಟುಕೊಂಡು ಓದಿದರೆ ಹೆಚ್ಚು ಅನುಕೂಲ.

ಮೊದಲನೆಯದು: ಒಳ್ಳೆಯ ಪ್ರತಿ ಹುಡುಕಿ

ಮೊಬೈಲಿಗೆ ಬಂದ ಪ್ರತಿಯನ್ನು ನಂಬಬೇಡಿ. ಅದರಲ್ಲಿ ಅಂಚು ಕತ್ತರಿಸಿರುತ್ತದೆ, ಅಕ್ಷರ ಮಸುಕಾಗಿರುತ್ತದೆ. ಬ್ರಿಟಿಷ್ ಮ್ಯೂಸಿಯಂ, ವೆಲ್ಕಮ್ ಕಲೆಕ್ಷನ್, ಯೇಲ್ ವಿಶ್ವವಿದ್ಯಾಲಯದ ಲೂಯಿಸ್ ವಾಲ್‌ಪೋಲ್ ಗ್ರಂಥಾಲಯ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇವು ತಮ್ಮ ಸಂಗ್ರಹದ ಮುದ್ರಣಚಿತ್ರಗಳನ್ನು ಆನ್‌ಲೈನಿನಲ್ಲಿ ಉಚಿತವಾಗಿ ತೋರಿಸುತ್ತವೆ. 'ಮಾರ್ಚ್ ಆಫ್ ಇಂಟಲೆಕ್ಟ್' ಎಂದು ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿ. ಬುದ್ಧಿಯ ಮುನ್ನಡೆ ಎಂಬ ಅರ್ಥದ ಈ ಮಾತು ಆ ಕಾಲದಲ್ಲಿ ಎಲ್ಲರ ಬಾಯಲ್ಲಿತ್ತು, ಹೀತನ ಚಿತ್ರಮಾಲೆಗೂ ಅದೇ ಹೆಸರು.

ಬ್ರಿಟಿಷ್ ಮ್ಯೂಸಿಯಂ ಪುಟದಲ್ಲಿ ಚಿತ್ರದ ಜೊತೆ ವಿವರಣೆಯೂ ಸಿಗುತ್ತದೆ. ಈ ಕಾಲದ ಚಿತ್ರಗಳ ವಿವರಣೆಯಲ್ಲಿ ಬಹುಪಾಲು ಡೊರೋತಿ ಜಾರ್ಜ್ ಎಂಬ ವಿದುಷಿ ವರ್ಷಗಟ್ಟಲೆ ಕೂತು ಬರೆದ ಪಟ್ಟಿಯದು. ಆದರೆ ಅದನ್ನು ಮೊದಲೇ ಓದಬೇಡಿ. ನಿಮ್ಮ ಕಣ್ಣು ಒಂದು ಸುತ್ತು ಚಿತ್ರದಲ್ಲಿ ಓಡಾಡಿ ಬರಲಿ, ಆಮೇಲೆ ಓದಿ. ಮೊದಲೇ ಓದಿದರೆ ಅವರು ಕಂಡದ್ದಷ್ಟೇ ನಿಮಗೂ ಕಾಣುತ್ತದೆ.

ಎರಡನೆಯದು: ನೋಟ ಅಡಿಯಂಚಿನಿಂದ ಶುರುವಾಗಲಿ

ಚಿತ್ರದ ನಡುವೆ ಹೊಗೆ, ರೆಕ್ಕೆ, ಗಾಲಿ ಎಲ್ಲ ಇದ್ದರೂ ಮೊದಲು ಕೆಳಗಿನ ಸಣ್ಣ ಅಕ್ಷರದ ಸಾಲಿಗೆ ಹೋಗಿ. ಪ್ರಕಟಿಸಿದವರು ಯಾರು, ಯಾವ ಬೀದಿ, ಯಾವ ದಿನ ಎಂಬುದು ಅಲ್ಲಿರುತ್ತದೆ. ಇದಕ್ಕೆ ಕಾನೂನಿನ ಕಾರಣವಿದೆ. ಇಂಗ್ಲೆಂಡಿನಲ್ಲಿ 1735ರಲ್ಲಿ ಮುದ್ರಣಚಿತ್ರಗಳ ಹಕ್ಕು ಕಾಯುವ ಕಾಯ್ದೆ ಬಂತು. ಪ್ರಕಟಣೆಯ ದಿನಾಂಕ ಮತ್ತು ಹಕ್ಕುದಾರನ ಹೆಸರು ಅಚ್ಚಿಗೆ ಬಳಸುವ ತಗಡಿನ ಮೇಲೆಯೇ ಕೊರೆದಿದ್ದರೆ ಮಾತ್ರ ರಕ್ಷಣೆ. ಹಾಗಾಗಿ ಬೇರೆ ಯಾವ ಹಳೆಯ ಚಿತ್ರಕ್ಕೂ ಸಿಗದಷ್ಟು ಖಚಿತವಾದ ತಾರೀಖು ಈ ಚಿತ್ರಗಳಿಗೆ ಸಿಗುತ್ತದೆ. ಹೀತನ ಚಿತ್ರಗಳ ಅಡಿಯಲ್ಲಿ ಥಾಮಸ್ ಮೆಕ್ಲೀನ್, 26 ಹೇಮಾರ್ಕೆಟ್ ಎಂಬ ವಿಳಾಸ ಮತ್ತೆ ಮತ್ತೆ ಕಾಣುತ್ತದೆ. ಅಂಗಡಿಯ ಗಾಜಿನ ಕಿಟಕಿಗೆ ಚಿತ್ರ ಅಂಟಿಸುತ್ತಿದ್ದರು, ಕೊಳ್ಳುವ ಶಕ್ತಿಯಿಲ್ಲದವರೂ ಬೀದಿಯಲ್ಲೇ ನಿಂತು ನೋಡುತ್ತಿದ್ದರು.

ಅದೇ ಸಾಲಿನಲ್ಲಿ ಲ್ಯಾಟಿನ್ನಿನ ತುಂಡು ಪದಗಳೂ ಇರುತ್ತವೆ. 'ಡೆಲ್' ಎಂದರೆ ಚಿತ್ರ ಬರೆದವನು, 'ಸ್ಕಲ್ಪ್' ಎಂದರೆ ತಗಡಿನ ಮೇಲೆ ಕೊರೆದವನು, 'ಇನ್ವ್' ಎಂದರೆ ಕಲ್ಪನೆ ಯಾರದೋ ಅವನು. ಮೂರೂ ಒಬ್ಬನೇ ಆಗಬೇಕೆಂದಿಲ್ಲ.

ಸಹಿಯ ಜಾಗದಲ್ಲಿ ಹೆಸರಿನ ಬದಲು ಪುಟ್ಟ ಗೊಂಬೆ ಕಂಡರೆ ಗಮನಿಸಿ. ಹೀತ್ ಕೆಲವು ವರ್ಷ 'ಪಾಲ್ ಪ್ರೈ' ಎಂಬ ಗುಪ್ತನಾಮ ಇಟ್ಟುಕೊಂಡಿದ್ದ. ಪಾಲ್ ಪ್ರೈ ಆಗಿನ ಒಂದು ನಾಟಕದಲ್ಲಿ ಎಲ್ಲರ ಮನೆಯ ವಿಷಯಕ್ಕೂ ಮೂಗು ತೂರಿಸುವ ಪಾತ್ರ. ಕಂಕುಳಲ್ಲಿ ಛತ್ರಿ, ತಲೆಗೆ ಟೊಪ್ಪಿ ಇರುವ ಆ ಪುಟ್ಟ ಆಕೃತಿಯೇ ಸಹಿ. ಬೇರೆಯವರು ಆ ಗೊಂಬೆಯನ್ನೇ ಕದಿಯಲು ಶುರುಮಾಡಿದ ಮೇಲೆ 1829ರಲ್ಲಿ ಹೀತ್ ಅದನ್ನು ಕೈಬಿಟ್ಟ. ಆದ್ದರಿಂದ ಗೊಂಬೆಯೊಂದೇ ಇದ್ದರೆ ಹೀತನದೇ ಚಿತ್ರ ಎಂದು ತೀರ್ಮಾನಿಸಬೇಡಿ, ಪ್ರಕಾಶಕರ ಹೆಸರನ್ನೂ ನೋಡಿ. ಇನ್ನೊಂದು ಗೊಂದಲವನ್ನೂ ಇಲ್ಲೇ ಹೇಳಿಬಿಡುತ್ತೇನೆ. ವಿಲಿಯಂ ಹೀತ್ ತೀರಿಕೊಂಡದ್ದು 1840ರಲ್ಲಿ. ಹಗ್ಗ, ರಾಟೆ, ಗಂಟುಗಳ ವಿಚಿತ್ರ ಯಂತ್ರಗಳಿಗೆ ಹೆಸರಾದ ವಿಲಿಯಂ ಹೀತ್ ರಾಬಿನ್ಸನ್ ಹುಟ್ಟಿದ್ದು 1872ರಲ್ಲಿ. ಇಬ್ಬರನ್ನೂ ಒಬ್ಬರೆಂದು ಬರೆದ ಲೇಖನಗಳನ್ನು ನಾನು ಓದಿದ್ದೇನೆ.

ಚಿತ್ರ ತಿರುಗುಮುರುಗಾಗಿ, ಎಡದ್ದು ಬಲಕ್ಕೆ ಬಂದಿದ್ದರೆ ಅದು ಕದ್ದ ನಕಲು ಎಂಬ ಅನುಮಾನ ಇರಲಿ. ತಾಮ್ರದ ತಗಡಿನ ಮೇಲೆ ಕೊರೆದದ್ದು ಕಾಗದದ ಮೇಲೆ ಕನ್ನಡಿಯಂತೆ ಉಲ್ಟಾ ಬರುತ್ತದೆ. ಅಚ್ಚಾದ ಚಿತ್ರವನ್ನು ಕಂಡಂತೆಯೇ ಇನ್ನೊಂದು ತಗಡಿಗೆ ಇಳಿಸಿದರೆ ನಕಲು ತಿರುಗಿ ನಿಲ್ಲುತ್ತದೆ. ಬಣ್ಣದ ಮೇಲೆ ಯಾವ ವಾದವನ್ನೂ ಕಟ್ಟಬೇಡಿ. ಅಚ್ಚಾದ ಮೇಲೆ ಒಂದೊಂದು ಪ್ರತಿಗೂ ಕೈಯಿಂದ ನೀರುಬಣ್ಣ ಹಚ್ಚುತ್ತಿದ್ದರು. ಒಂದರಲ್ಲಿ ಕೆಂಪಾದ ಕೋಟು ಇನ್ನೊಂದರಲ್ಲಿ ನೀಲಿ ಇರಬಹುದು.

ಮೂರನೆಯದು: ಚಿತ್ರದೊಳಗಿನ ಅಕ್ಷರಗಳನ್ನೆಲ್ಲ ಬರೆದುಕೊಳ್ಳಿ

ಬಿಳಿ ಹಾಳೆ ತೆಗೆದುಕೊಂಡು ಎಡಮೂಲೆಯಿಂದ ಶುರುಮಾಡಿ. ಬಂಡಿಯ ಮೇಲಿನ ಹೆಸರು, ಅಂಗಡಿಯ ಫಲಕ, ಯಾರದೋ ಬಾಯಿಂದ ಹೊರಟ ಮಾತು, ಕಂಪನಿಯ ಬೋರ್ಡು, ಒಂದನ್ನೂ ಬಿಡಬೇಡಿ. ಕಲಾವಿದ ಮುಖ್ಯವಾದದ್ದನ್ನು ಅನೇಕ ಸಲ ಅಲ್ಲಿಯೇ ಇಟ್ಟಿರುತ್ತಾನೆ.

ಹೀತನ ಚಿತ್ರದ ಕೊಳವೆಯನ್ನು ಹಿಗ್ಗಿಸಿ ನೋಡಿ. 'ಗ್ರ್ಯಾಂಡ್ ವ್ಯಾಕ್ಯೂಮ್ ಟ್ಯೂಬ್ ಕಂಪನಿ, ಡೈರೆಕ್ಟ್ ಟು ಬೆಂಗಾಲ್' ಎಂದಿದೆ. ಇಲ್ಲಿ ನಾವು ನಿಲ್ಲಬೇಕಾದದ್ದು 'ಕಂಪನಿ' ಎಂಬ ಮಾತಿನ ಮೇಲೆ. ಆ ಕೊಳವೆ ಒಬ್ಬ ಹುಚ್ಚು ವಿಜ್ಞಾನಿಯ ಮನೆಯ ಆಟಿಕೆಯಲ್ಲ, ಷೇರು ಮಾರಿ ಹಣ ಎತ್ತುವ ವ್ಯಾಪಾರ. ಬಾವಲಿ ವಾಹನದ ಬರಹ ಓದಿದರೆ ಅದು ಕೈದಿಗಳನ್ನು ನ್ಯೂ ಸೌತ್ ವೇಲ್ಸಿಗೆ ಸಾಗಿಸುವ ಬಂಡಿ ಎಂದು ತಿಳಿಯುತ್ತದೆ. 'ವಿಮಾನ ಊಹಿಸಿದ್ದರು' ಎಂದು ಸಂಭ್ರಮಿಸುವವರಿಗೆ ಈ ಬರಹ ಕಾಣುವುದೇ ಇಲ್ಲ. ಆ ದಿನಗಳಲ್ಲಿ ಬ್ರಿಟನ್ ತನ್ನ ಕೈದಿಗಳನ್ನು ತಿಂಗಳುಗಟ್ಟಲೆ ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡುತ್ತಿತ್ತು. ಹಾರುವ ಯಂತ್ರವೆಂಬ ಮಹಾ ಸಾಧನೆ ಕೈಗೆ ಬಂದರೂ ನೀವು ಮೊದಲು ಮಾಡುವ ಕೆಲಸ ಇದೇ ಎಂದು ಹೀತ್ ತನ್ನ ನಾಡಿನವರಿಗೆ ಹೇಳುತ್ತಿದ್ದಾನೆ. ಚಿತ್ರದ ಅತಿ ಕಹಿಯಾದ ಮಾತು ಇದು ಎಂದು ನನ್ನ ಭಾವನೆ.

ಅಕ್ಷರಗಳಲ್ಲಿ ಶ್ಲೇಷೆಯಿದ್ದರೆ ಅದನ್ನು ಬಿಡಿಸಬೇಕು. ಹೆನ್ರಿ ಆಲ್ಕನ್ 1828ರಲ್ಲಿ ಪ್ರಕಟಿಸಿದ 'ಉಗಿಯ ಪ್ರಗತಿ' ಎಂಬ ಜೋಡಿ ಚಿತ್ರಗಳಲ್ಲಿ ರಸ್ತೆ ತುಂಬ ಉಗಿಬಂಡಿಗಳು ಕರಿಹೊಗೆ ಉಗುಳುತ್ತ ನುಗ್ಗುತ್ತಿವೆ. ಒಂದರ ಮೈಮೇಲೆ 'ಇನ್‌ಫರ್ನಲ್ ಡಿಫಯನ್ಸ್' ಎಂದು ಬರೆದಿದೆ. ಆಗ ಕುದುರೆ ಕಟ್ಟಿದ ಬಾಡಿಗೆ ಕೋಚುಗಳಿಗೆ ಹೆಸರಿಡುವ ರೂಢಿಯಿತ್ತು. ಎದೆಗಾರಿಕೆ ಎಂಬ ಅರ್ಥದ 'ಡಿಫಯನ್ಸ್' ಅವುಗಳಲ್ಲಿ ಸಾಮಾನ್ಯವಾದ ಹೆಸರು. ಆಲ್ಕನ್ ಅದಕ್ಕೆ 'ನರಕದ' ಎಂಬ ಒಂದು ಪದ ಅಂಟಿಸಿದ. ಬೆಂಕಿ, ಹೊಗೆ, ಸಾವು ಮೂರೂ ಆ ಒಂದೇ ಪದದಲ್ಲಿ ಬಂದವು. ಈ ಜೋಡಿಯ ಶೀರ್ಷಿಕೆಯಲ್ಲಿ 1830, 1831 ಎಂಬ ವರ್ಷಗಳಿವೆ, ಪ್ರಕಟವಾದದ್ದು ಮಾತ್ರ ಅದಕ್ಕೂ ಮೊದಲು. ಎರಡನೆಯ ಹೆಜ್ಜೆಯಲ್ಲಿ ಹೇಳಿದ ಅಡಿಸಾಲು ನೋಡದಿದ್ದರೆ ಶೀರ್ಷಿಕೆಯ ವರ್ಷವನ್ನೇ ಚಿತ್ರದ ವರ್ಷವೆಂದು ತಿಳಿಯುವ ಅಪಾಯವಿದೆ.

ಜಾರ್ಜ್ ಕ್ರೂಕ್‌ಶ್ಯಾಂಕನ 1829ರ ಚಿತ್ರವೊಂದಿದೆ. ಕುದುರೆಯಿಲ್ಲದ ಬಂಡಿ ಓಡುವುದನ್ನು ಕುದುರೆಗಳೇ ನಿಂತು ನೋಡುತ್ತಿವೆ. ಇಂಗ್ಲಿಷಿನಲ್ಲಿ ಅದರ ಹೆಸರು 'ಕುದುರೆಗಳು ನಾಯಿಗಳ ಕಡೆಗೆ ಹೋಗುತ್ತಿವೆ' ಎಂಬಂಥದ್ದು. ಇದನ್ನು ಕನ್ನಡಿಗರಿಗೆ ಹೆಚ್ಚು ವಿವರಿಸಬೇಕಾಗಿಲ್ಲ, 'ನಾಯಿಪಾಲು' ಎಂಬ ಮಾತು ನಮ್ಮಲ್ಲೇ ಇದೆ. ಬದುಕು ನಾಯಿಪಾಲಾಯಿತು ಎಂಬ ಅರ್ಥವೂ ಇದೆ, ಮುದಿಗುದುರೆಯ ಮಾಂಸ ನಿಜವಾಗಿಯೂ ನಾಯಿಗಳಿಗೆ ಹೋಗುತ್ತಿತ್ತು ಎಂಬುದೂ ಇದೆ. ಎರಡು ಭಾಷೆಗಳ ನುಡಿಗಟ್ಟು ಇಷ್ಟು ಸಲೀಸಾಗಿ ಕೂಡಿಬರುವುದು ಅಪರೂಪ.

ನಾಲ್ಕನೆಯದು: ಪ್ರತಿ ಯಂತ್ರದ ಹಿಂದೆ ಇರುವ ನಿಜವಾದ ಯಂತ್ರ ಹುಡುಕಿ

ಹೆಚ್ಚು ಸಮಯ ಬೇಡುವ ಹೆಜ್ಜೆ ಇದು, ನನಗೆ ಅತಿ ಪ್ರಿಯವಾದದ್ದೂ ಹೌದು. ಚಿತ್ರದಲ್ಲಿ ಕಾಣುವ ಯಂತ್ರಗಳನ್ನು ಒಂದು ಸಾಲಿನಲ್ಲಿ ಬರೆಯಿರಿ. ಪಕ್ಕದ ಸಾಲಿನಲ್ಲಿ, ಚಿತ್ರದ ತಾರೀಖಿಗಿಂತ ಹಿಂದಿನ ಹತ್ತು ಹದಿನೈದು ವರ್ಷಗಳಲ್ಲಿ ಅದನ್ನು ಹೋಲುವ ಯಾವ ಪೇಟೆಂಟು, ಯಾವ ಪ್ರಯೋಗ ಇತ್ತೆಂದು ಹುಡುಕಿ ತುಂಬಿ. ಪೂರ್ತಿ ಕಲ್ಪನೆ ಎಂದುಕೊಂಡದ್ದಕ್ಕೂ ಅನೇಕ ಸಲ ಮೂಲ ಸಿಕ್ಕುತ್ತದೆ.

ಕೊಳವೆಯನ್ನೇ ನೋಡಿ. ಗಾಳಿಯ ಒತ್ತಡದಿಂದ ಕೊಳವೆಯೊಳಗೆ ಪತ್ರ, ಸರಕು, ಮುಂದೆ ಜನರನ್ನೂ ಸಾಗಿಸಬಹುದೆಂದು ಜಾರ್ಜ್ ಮೆಡ್‌ಹರ್ಸ್ಟ್ 1810ರಿಂದಲೇ ಬರೆಯುತ್ತಿದ್ದ. ಜಾನ್ ವ್ಯಾಲೆನ್ಸ್ 1824ರಲ್ಲಿ ಇಂಥದ್ದಕ್ಕೇ ಪೇಟೆಂಟ್ ಪಡೆದು, ಬ್ರೈಟನ್ನಿನಲ್ಲಿ ದೊಡ್ಡ ಕೊಳವೆ ಕಟ್ಟಿ, ಒಳಗೆ ಜನರನ್ನು ಕೂರಿಸಿ ಓಡಿಸಿ ತೋರಿಸಿದ. ಹೀತ್ ಗೀಚುವಾಗ ಆ ಸುದ್ದಿಗೆ ಎರಡು ಮೂರು ವರ್ಷವೂ ಆಗಿರಲಿಲ್ಲ. ಅವನು ಕೊಳವೆಯನ್ನು ಹೊಸದಾಗಿ ಹುಟ್ಟಿಸಲಿಲ್ಲ, ಬ್ರೈಟನ್ನಿನದನ್ನು ಬಂಗಾಳದವರೆಗೆ ಎಳೆದ. ಮುಂದೆ 1840ರ ದಶಕದಲ್ಲಿ ಐರ್ಲೆಂಡಿನ ಡಾಲ್ಕಿಯಲ್ಲೂ ಇಂಗ್ಲೆಂಡಿನ ಸೌತ್ ಡೆವನ್ನಿನಲ್ಲೂ ಗಾಳಿಯ ಒತ್ತಡದಿಂದಲೇ ಎಳೆಯುವ ರೈಲು ಓಡಿತು. ಅಲ್ಲಿ ಜನರು ಕೂರುತ್ತಿದ್ದದ್ದು ಕೊಳವೆಯ ಹೊರಗೆ, ಹಳಿಯ ನಡುವಿನ ಸಣ್ಣ ಕೊಳವೆಯೊಳಗಿನ ಪಿಸ್ಟನ್ ಗಾಡಿಯನ್ನು ಎಳೆಯುತ್ತಿತ್ತು.

ಹಾಗಾದರೆ ಬಂಗಾಳವೇ ಏಕೆ? ಕಾರಣ ಅಂದಿನ ವ್ಯಾಪಾರದಲ್ಲಿದೆ. ಈಸ್ಟ್ ಇಂಡಿಯಾ ಕಂಪನಿಯ ಲಂಡನ್ನಿಗೂ ಕಲ್ಕತ್ತಕ್ಕೂ ನಡುವೆ ಆಫ್ರಿಕಾ ಸುತ್ತಿ ಬರುವ ತಿಂಗಳುಗಳ ಹಡಗು ದಾರಿ ಇತ್ತು. 70 ದಿನಗಳಲ್ಲಿ ಆ ದಾರಿ ಮುಗಿಸುವ ಉಗಿಹಡಗಿಗೆ ಬಹುಮಾನ ಘೋಷಣೆಯಾಗಿತ್ತು. 1825ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಫಾಲ್ಮತ್ ಬಂದರು ಬಿಟ್ಟ 'ಎಂಟರ್‌ಪ್ರೈಸ್' ಎಂಬ ಉಗಿಹಡಗು ಕಲ್ಕತ್ತ ತಲುಪಿದ್ದು 113 ದಿನಗಳ ನಂತರ, ಅದೂ ದಾರಿಯಲ್ಲಿ ಹಾಯಿ ಬಿಚ್ಚಿಕೊಂಡು. ಈ ನಿರಾಸೆ ಗೊತ್ತಿದ್ದ ಲಂಡನ್ನಿನವನಿಗೆ 'ಡೈರೆಕ್ಟ್ ಟು ಬೆಂಗಾಲ್' ಎಂಬ ಮಾತು ಹೇಗೆ ತಾಗಿರಬಹುದು ಯೋಚಿಸಿ. ಕೊಳವೆಯ ಆ ತುದಿಯಲ್ಲಿದ್ದದ್ದು ನಮ್ಮ ನೆಲ. ಅಲ್ಲಿಂದ ಏನು ಹೊರಟು ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ಮರೆತು ಈ ಚಿತ್ರ ನೋಡಲು ನನಗಾಗುವುದಿಲ್ಲ.

ಇನ್ನೊಂದು ಉದಾಹರಣೆ. ರಾಬರ್ಟ್ ಸೀಮೋರ್ 'ಶಾರ್ಟ್‌ಶ್ಯಾಂಕ್ಸ್' ಎಂಬ ಗುಪ್ತನಾಮದಲ್ಲಿ 1830ರ ಸುಮಾರಿಗೆ 'ಲೋಕೋಮೋಷನ್' ಎಂಬ ಚಿತ್ರ ಬರೆದ. ಉಗಿಯಿಂದ ನಡೆಯುವುದು, ಉಗಿಯಿಂದ ಸವಾರಿ, ಉಗಿಯಿಂದ ಹಾರುವುದು, ಮೂರೂ ಅದರಲ್ಲಿವೆ. ಉಗಿಯಿಂದ ನಡೆಯುವುದಂತೂ ಬರೀ ತಮಾಷೆಯಂತೆ ಕಾಣುತ್ತದೆ. ಆದರೆ ವಿಲಿಯಂ ಬ್ರಂಟನ್ 1813ರಲ್ಲಿ ಹಿಂದಿನಿಂದ ಯಾಂತ್ರಿಕ ಕಾಲುಗಳಿಂದ ನೆಲ ಒದ್ದು ಮುಂದೆ ಹೋಗುವ ಉಗಿಯಂತ್ರವನ್ನು ನಿಜವಾಗಿಯೂ ಕಟ್ಟಿದ್ದ. ನಯವಾದ ಗಾಲಿ ನಯವಾದ ಹಳಿಯ ಮೇಲೆ ಜಾರಿಬಿಡುತ್ತದೆ ಎಂಬ ಭಯ ಆಗ ಅನೇಕರಿಗಿತ್ತು, ಅದಕ್ಕೇ ಕಾಲು. 1815ರಲ್ಲಿ ಅದರ ಬಾಯ್ಲರು ಸಿಡಿದು ಜನ ಸತ್ತರು. ಡೇವಿಡ್ ಗಾರ್ಡನ್ ಎಂಬುವನೂ 1824ರಲ್ಲಿ ಕಾಲಿನ ಉಗಿಬಂಡಿಗೆ ಪೇಟೆಂಟ್ ಪಡೆದ.

ಸೀಮೋರನ ಎರಡನೆಯ ಚಿತ್ರ ಇದರ ಉತ್ತರಾರ್ಧ. 'ಕೆಲವು ಸಣ್ಣಪುಟ್ಟ ತೊಂದರೆಗಳು, ಪರಿಪೂರ್ಣವಾದದ್ದು ಯಾವುದೂ ಇಲ್ಲ' ಎಂದು ಅದರ ಅಡಿಬರಹ, ಮೇಲೆ ಕೆಟ್ಟುನಿಂತ, ಸಿಡಿದುಹೋದ ಯಂತ್ರಗಳು. ಕೆಲವೇ ವರ್ಷಗಳಲ್ಲಿ, 1834ರಲ್ಲಿ, ಗ್ಲಾಸ್ಗೋ ಬಳಿ ಪ್ರಯಾಣಿಕರಿದ್ದ ಉಗಿಬಂಡಿಯ ಬಾಯ್ಲರು ಒಡೆದು ಐವರು ಸತ್ತರು. ಬಾಯ್ಲರಿನ ಭಯವನ್ನು ಹಳೆಕಾಲದವರ ಅಜ್ಞಾನ ಎಂದು ನಗುವ ಮೊದಲು ಈ ತಾರೀಖುಗಳನ್ನು ಪಕ್ಕದಲ್ಲಿ ಬರೆದುಕೊಳ್ಳಿ.

ಐದನೆಯದು: ಯಾರು ಕೂತಿದ್ದಾರೆ, ಯಾರು ಕೆಳಗಿದ್ದಾರೆ

ಈಗ ಯಂತ್ರಗಳಿಂದ ಕಣ್ಣು ಕಿತ್ತು ಜನರನ್ನು ನೋಡಿ. ಸವಾರಿ ಮಾಡುತ್ತಿರುವವರ ಬಟ್ಟೆ ಯಾವ ದರ್ಜೆಯದು? ದಾರಿ ಬಿಡುತ್ತಿರುವವರು ಯಾರು? ಯಾರ ಹೊಟ್ಟೆಗೆ ಪೆಟ್ಟು ಬೀಳುತ್ತಿದೆ?

1819ರಲ್ಲಿ ಲಂಡನ್ನಿಗೆ ಪೆಡಲಿಲ್ಲದ ಎರಡು ಗಾಲಿಯ ಬಂಡಿ ಬಂತು. ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ 1817ರಲ್ಲಿ ಮಾಡಿದ ಓಟಯಂತ್ರವನ್ನು ಡೆನಿಸ್ ಜಾನ್ಸನ್ ಎಂಬ ಬಂಡಿ ತಯಾರಕ ಸುಧಾರಿಸಿ ಮಾರುತ್ತಿದ್ದ. ಮೇಲೆ ಕೂತು ಕಾಲಿನಿಂದ ನೆಲ ಒದೆಯುತ್ತ ಹೋಗಬೇಕು. ಷೋಕಿಯ ಯುವಕರು ಅದನ್ನು ಕೊಂಡರು, ಚಿತ್ರಕಾರರು ಮುಗಿಬಿದ್ದರು. ರಾಬರ್ಟ್ ಕ್ರೂಕ್‌ಶ್ಯಾಂಕ್ ಬರೆದ ಒಂದು ಚಿತ್ರದಲ್ಲಿ ಲಾಳ ಕಟ್ಟುವ ಕಮ್ಮಾರನೂ ಕುದುರೆ ವೈದ್ಯನೂ ಸೇರಿ ಸವಾರರನ್ನು ಕೆಡವಿ ಬಂಡಿಯನ್ನು ಜಜ್ಜುತ್ತಿದ್ದಾರೆ. ಲಾಳ ಬೇಡದ, ಕಾಯಿಲೆ ಬೀಳದ ವಾಹನ ಬಂದರೆ ಅವರ ಒಲೆ ಉರಿಯುವುದು ಹೇಗೆ? ನಗು ಷೋಕಿಲಾಲರ ಮೇಲಿದ್ದರೂ ಕಮ್ಮಾರನ ಕೋಪವನ್ನು ಚಿತ್ರ ಅಡಗಿಸಿಟ್ಟಿಲ್ಲ.

ಆ ಕೋಪ ಬೀದಿಯಲ್ಲೂ ಇತ್ತು. 1829ರ ಜುಲೈನಲ್ಲಿ ಗೋಲ್ಡ್ಸ್‌ವರ್ದಿ ಗರ್ನಿಯ ಉಗಿಬಂಡಿ ಲಂಡನ್ನಿನಿಂದ ಬಾತ್ ನಗರಕ್ಕೆ ಹೊರಟಾಗ ಮೆಲ್ಕ್‌ಷಂ ಎಂಬಲ್ಲಿ ಜನ ಕಲ್ಲು ತೂರಿದರು. 1831ರಲ್ಲಿ ಗ್ಲಾಸ್ಟರ್ ಮತ್ತು ಚೆಲ್ಟನಂ ನಡುವೆ ಗರ್ನಿಯ ಬಂಡಿಗಳು ಕೆಲವು ತಿಂಗಳು ಪ್ರಯಾಣಿಕರನ್ನು ಹೊತ್ತು ಓಡಿದವು. ಅಲ್ಲಿ ರಸ್ತೆಗೆ ಅಡ್ಡಲಾಗಿ ಕಲ್ಲಿನ ರಾಶಿ ಸುರಿದಿತ್ತು, ಸುಂಕದ ಕಟ್ಟೆಗಳಲ್ಲಿ ಉಗಿಬಂಡಿಗೆ ವಿಪರೀತ ಸುಂಕ. ಚಿತ್ರದಲ್ಲಿ ಸಣ್ಣದಾಗಿ ಕಾಣುವ ಸುಂಕದ ಗೇಟು, ಮುಖ ಗಂಟಿಕ್ಕಿದ ಕುದುರೆಗಾಡಿಯವನು, ಖಾಲಿ ಲಾಯ, ಇಂಥವು ಕಂಡರೆ ನಿಮ್ಮ ಪಟ್ಟಿಯಲ್ಲಿ ಮೇಲೆ ಬರೆಯಿರಿ.

ಆರನೆಯದು: ಜಾಹೀರಾತಿನ ಪಕ್ಕ ಇಟ್ಟು ನೋಡಿ

ವ್ಯಂಗ್ಯ ಯಾವುದು, ನಿಜವಾದ ಪ್ರಚಾರ ಯಾವುದು ಎಂದು ಗುರುತಿಸುವುದು ಅಂದುಕೊಂಡಷ್ಟು ಸುಲಭವಲ್ಲ. 1843ರಲ್ಲಿ ವಿಲಿಯಂ ಹೆನ್ಸನ್ ಮತ್ತು ಜಾನ್ ಸ್ಟ್ರಿಂಗ್‌ಫೆಲೋ ತಮ್ಮ ಹಾರುವ ಉಗಿಬಂಡಿಗಾಗಿ ಕಂಪನಿ ಕಟ್ಟಲು ಹೊರಟರು. ಅದು ಈಜಿಪ್ಟಿನ ಪಿರಮಿಡ್ಡುಗಳ ಮೇಲೆ ಹಾರುತ್ತಿರುವಂತೆ ಚಿತ್ರ ಮಾಡಿಸಿ ಹಂಚಿದರು. ಪೂರ್ಣ ಗಾತ್ರದ ಆ ಯಂತ್ರವನ್ನು ಕಟ್ಟಲೇ ಇಲ್ಲ. ಆ ಪ್ರಚಾರದ ಚಿತ್ರವನ್ನೂ ಹೀತನ ಬಾವಲಿಯನ್ನೂ ಅಕ್ಕಪಕ್ಕ ಇಡಿ. ಒಂದರಲ್ಲಿ ರೆಕ್ಕೆ ನೀಟಾಗಿದೆ, ಆಕಾಶ ತಿಳಿಯಾಗಿದೆ, ಹಣ ಹಾಕಿ ಎಂದು ಕರೆಯುತ್ತಿದೆ. ಇನ್ನೊಂದು ಹಣ ಹಾಕಿದವನು ಏನು ಕಾಣಬೇಕಾದೀತೆಂದು ತೋರಿಸುತ್ತಿದೆ. ಹೀಗೆ ಜೋಡಿ ಸಿಕ್ಕಾಗ ಚಿತ್ರದ ದನಿ ತಟ್ಟನೆ ಬಿಡಿಸಿಕೊಳ್ಳುತ್ತದೆ.

ಏಳನೆಯದು: ಕಲಾವಿದನ ಜೊತೆಗೇ ನಗಬೇಡಿ

ಈ ಚಿತ್ರಗಳನ್ನು ನಾನು ಪ್ರೀತಿಸುತ್ತೇನೆ, ಆದರೂ ಈ ಮಾತನ್ನು ಹೇಳಲೇಬೇಕು. ಬುದ್ಧಿಯ ಮುನ್ನಡೆಯನ್ನು ಗೇಲಿ ಮಾಡಿದವರಲ್ಲಿ ಬಹಳ ಜನ ಬಡವರ ಓದನ್ನೂ ಗೇಲಿ ಮಾಡಿದರು. 1823ರಲ್ಲಿ ಲಂಡನ್ನಿನಲ್ಲಿ ಕೂಲಿಕಾರರಿಗೆ, ಕುಶಲಕರ್ಮಿಗಳಿಗೆ ವಿಜ್ಞಾನ ಕಲಿಸುವ ಸಂಸ್ಥೆ ಶುರುವಾಯಿತು, 1826ರಲ್ಲಿ ಅಗ್ಗದ ಪುಸ್ತಕಗಳಿಂದ ತಿಳಿವಳಿಕೆ ಹಂಚುವ ಸಂಘ ಹುಟ್ಟಿತು. ಕಸ ಹೊರುವವನ ಕೈಗೆ, ಅಡುಗೆಯವಳ ಕೈಗೆ ಪುಸ್ತಕ ಕೊಟ್ಟು ನಗಿಸುವ ಚಿತ್ರಗಳು ಬಂದದ್ದು ಆಗಲೇ. ಷೇರು ಮಾರುವ ಮೋಸಗಾರನ ಮೇಲಿನ ನಗುವನ್ನೂ ಓದು ಕಲಿತ ಕೂಲಿಯವನ ಮೇಲಿನ ನಗುವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಒಂದೇ ಚಿತ್ರದಲ್ಲಿ ಎರಡೂ ಇದ್ದರೆ ಎರಡನ್ನೂ ಬೇರೆ ಬೇರೆ ಬರೆಯಿರಿ.

ನಮ್ಮ ನಾಡಿನ ಸಂಗತಿ ಬಂದಾಗ ಇನ್ನೂ ಎಚ್ಚರ ಬೇಕು. ರೈಲ್ವೆ ಷೇರುಗಳ ಹುಚ್ಚು ನೆತ್ತಿಗೇರಿದ್ದ 1845ರಲ್ಲಿ ಲಂಡನ್ನಿನ 'ಪಂಚ್' ಎಂಬ ವ್ಯಂಗ್ಯ ಪತ್ರಿಕೆ 'ರೈಲ್ವೆ ಜಗ್ಗರ್ನಾಟ್' ಎಂಬ ಚಿತ್ರ ಹಾಕಿತು. ಆ ಹೆಸರು ಪುರಿಯ ಜಗನ್ನಾಥ ಎಂಬುದರ ಅಪಭ್ರಂಶ. ಭಕ್ತರು ರಥದ ಗಾಲಿಗೆ ತಾವೇ ತಲೆಕೊಡುತ್ತಾರೆಂದು ಯುರೋಪಿನವರು ಹಬ್ಬಿಸಿದ್ದ ಉತ್ಪ್ರೇಕ್ಷೆಯ ಕತೆಯನ್ನು ರೈಲಿಗೆ ಹೊಂದಿಸಿದ್ದಾರೆ. ಷೇರು ಕೊಂಡು ಮನೆಮಠ ಕಳೆದುಕೊಂಡವರ ಬಗ್ಗೆ ಚಿತ್ರ ಹೇಳುವುದು ಸತ್ಯ. ಮುಂದಿನ ವರ್ಷ ಬ್ರಿಟಿಷ್ ಸಂಸತ್ತು 250ಕ್ಕೂ ಹೆಚ್ಚು ರೈಲ್ವೆ ಮಸೂದೆಗಳಿಗೆ ಒಪ್ಪಿಗೆ ಕೊಟ್ಟಿತು, ಅವುಗಳಲ್ಲಿ ಎಷ್ಟೋ ದಾರಿಗಳು ಕಾಗದದಲ್ಲೇ ಉಳಿದವು. ಆದರೆ ರಥಯಾತ್ರೆಯ ಬಗ್ಗೆ ಆ ಚಿತ್ರ ಹೇಳುವುದು ಸುಳ್ಳು.

ಕೊನೆಯ ಕೆಲಸ: ಅಡಿಬರಹ ಬರೆಯಿರಿ

ಇಷ್ಟು ಮಾಡಿದ ಮೇಲೆ ಚಿತ್ರವನ್ನು ಇನ್ನೊಬ್ಬರಿಗೆ ಕಳಿಸುವುದಾದರೆ ಐದಾರು ಸಾಲಿನ ಅಡಿಬರಹ ಸೇರಿಸಿ ಕಳಿಸಿ. ಕಲಾವಿದ, ಪ್ರಕಾಶಕ, ವರ್ಷ, ಪ್ರತಿ ಇರುವ ಸಂಗ್ರಹ, ಇಷ್ಟು ಇರಲೇಬೇಕು. ಚಿತ್ರ ಹಳೆಯದಾದರೂ ಅದರ ಡಿಜಿಟಲ್ ಪ್ರತಿಯನ್ನು ಬಳಸುವ ನಿಯಮ ಒಂದೊಂದು ಸಂಗ್ರಹಾಲಯದಲ್ಲಿ ಒಂದೊಂದು ಥರ. ಆ ಪುಟದಲ್ಲೇ ಅದನ್ನು ಬರೆದಿರುತ್ತಾರೆ, ನೋಡಿಕೊಳ್ಳಿ.

ಹೀತನ ಚಿತ್ರಕ್ಕೆ ನಾನು ಬರೆದುಕೊಂಡಿರುವ ಅಡಿಬರಹ ಹೀಗಿದೆ:

'ಮಾರ್ಚ್ ಆಫ್ ಇಂಟಲೆಕ್ಟ್. ವಿಲಿಯಂ ಹೀತ್, ಪ್ರಕಾಶಕ ಥಾಮಸ್ ಮೆಕ್ಲೀನ್, ಲಂಡನ್, 1829. ತಾಮ್ರದ ತಗಡಿನ ಅಚ್ಚು, ಕೈಯಿಂದ ಹಚ್ಚಿದ ಬಣ್ಣ. ಕೊಳವೆಯ ಮೂಲ ವ್ಯಾಲೆನ್ಸನ ಪೇಟೆಂಟ್, 1824. ಬಾವಲಿ ವಾಹನದಲ್ಲಿರುವವರು ನ್ಯೂ ಸೌತ್ ವೇಲ್ಸಿಗೆ ಗಡೀಪಾರಾದ ಕೈದಿಗಳು. ದಯವಿಟ್ಟು ಹಿಗ್ಗಿಸಿ ನೋಡಿ.'